ಸ್ಪಂಜು ಮತ್ತು ಕಡಲಪಾಚಿಗಳೊಳಗಿನ ಶಿಲೀಂಧ್ರಗಳು: ಗುರುತಿಸುವಿಕೆಯ ಇತಿಹಾಸ

ಕಡಲಜೀವಿಯೊಂದರ ಒಡಲಿನಿಂದ ಬೇರ್ಪಡಿಸಿದ ಶಿಲೀಂಧ್ರವು ಅಲ್ಲಿನ ನಿವಾಸಿಯೋ ಅಥವಾ ನೆಲದಿಂದ ತೇಲಿಬಂದ ಆಗಂತುಕವೋ ಎಂಬ ಪ್ರಶ್ನೆ ಸಾಗರ ಶಿಲೀಂಧ್ರಶಾಸ್ತ್ರದ ಚರಿತ್ರೆಯುದ್ದಕ್ಕೂ ಎದುರಾಗುತ್ತದೆ. ಬಾರ್ಗ್‌ಹೂರ್ನ್ ಮತ್ತು ಲಿಂಡರ್ 1944ರಲ್ಲಿ ಪ್ರಕಟಿಸಿದ ಅಧ್ಯಯನ ಈ ಶಾಸ್ತ್ರಕ್ಕೆ ಬುನಾದಿ ಹಾಕಿತಾದರೂ ಅದರ ಗಮನ ಮುಖ್ಯವಾಗಿ ಕಡಲಲ್ಲಿ ಮುಳುಗಿದ ಮರದ ಮೇಲಿತ್ತು. ಕಡಲಿನಲ್ಲಿ ಅಥವಾ ಅಳಿವೆಯಲ್ಲಿ ಮಾತ್ರ ಬೆಳೆದು ಬೀಜಕಗಳನ್ನು ಬಿಡುವ ಶಿಲೀಂಧ್ರಗಳನ್ನೂ, ನೆಲದಿಂದ ಬಂದು ಕಡಲಿನಲ್ಲಿ ಬೆಳೆಯಬಲ್ಲ ಶಿಲೀಂಧ್ರಗಳನ್ನೂ ಕೋಲ್‌ಮೇಯರ್ ದಂಪತಿಗಳು 1979ರ ತಮ್ಮ ಗ್ರಂಥದಲ್ಲಿ ಬೇರೆಬೇರೆಯಾಗಿ ವಿಂಗಡಿಸಿದರು.

ಪಾಚಿಗಳ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನ ಉತ್ತರ ಅಟ್ಲಾಂಟಿಕ್ ತೀರದ ಕಂದುಪಾಚಿ ಆಸ್ಕೋಫಿಲಮ್. ಅದರ ಜೀವಕೋಶಗಳ ನಡುವೆ ಹಬ್ಬುವ ಶಿಲೀಂಧ್ರವನ್ನು ಕಾಟನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿವರಿಸಿದರು. 1998ರಲ್ಲಿ ಅದನ್ನು ಮೈಕೋಫೈಸಿಯಾಸ್ ಎಂಬ ಹೊಸ ಕುಲಕ್ಕೆ ಸೇರಿಸಲಾಯಿತು. ಈ ಶಿಲೀಂಧ್ರವಿದ್ದ ಎಳೆಯ ಪಾಚಿಗಳು ಒಣಗುವಿಕೆಯನ್ನು ಹೆಚ್ಚು ತಾಳಿಕೊಳ್ಳುತ್ತವೆಂದು 1995ರ ಪ್ರಯೋಗ ತೋರಿಸಿತ್ತು. ಹೀಗೆ ಇಲ್ಲಿ ಸಹಜೀವನಕ್ಕೆ ರಚನೆಯ ಸಾಕ್ಷ್ಯವೂ ಪ್ರಯೋಗದ ಸಾಕ್ಷ್ಯವೂ ದೊರೆತಿವೆ.

ಸ್ಪಂಜಿನ ಸಂಗತಿ ಇಷ್ಟು ಸರಳವಲ್ಲ. ಅದು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ಆದ್ದರಿಂದ ಪೆನಿಸಿಲಿಯಮ್, ಆಸ್ಪರ್ಜಿಲ್ಲಸ್ ಮೊದಲಾದವುಗಳ ಬೀಜಕಗಳು ಅದರ ನಾಳಗಳಲ್ಲಿ ಸಿಕ್ಕಿಕೊಳ್ಳಬಲ್ಲವು. ಪಾಚಿಯ ಹೊರಮೈಯನ್ನು ಕ್ರಿಮಿಶುದ್ಧಗೊಳಿಸಿ, ಆ ತುಣುಕನ್ನು ಅಗರ್ ಮೇಲೆ ಒತ್ತಿ ತೆಗೆದಾಗ ಏನೂ ಬೆಳೆಯದಿದ್ದರೆ ಶುದ್ಧೀಕರಣ ಸಮರ್ಪಕವಾಗಿದೆಯೆಂದು ತಿಳಿಯಬಹುದು. ಒಳಗೆಲ್ಲ ನಾಳಗಳೇ ತುಂಬಿರುವ ಸ್ಪಂಜಿಗೆ ಈ ಪರೀಕ್ಷೆಯೊಂದೇ ಸಾಲದು. ಮಾಲ್ಡೊನಾಡೊ ಮತ್ತು ಸಂಗಡಿಗರು 2005ರಲ್ಲಿ ಕಾಂಡ್ರಿಲ್ಲಾ ಸ್ಪಂಜಿನ ಅಂಡಾಣುಗಳಲ್ಲಿ ಯೀಸ್ಟ್ ಕೋಶಗಳನ್ನು ಕಂಡದ್ದು ಈ ಕಾರಣದಿಂದ ಮಹತ್ವದ್ದು: ತಾಯಿಯಿಂದ ಸಂತತಿಗೆ ಸಾಗುವ ಯೀಸ್ಟನ್ನು ಕೇವಲ ಆಗಂತುಕವೆನ್ನಲಾಗದು.

ಪ್ರಯೋಗಾಲಯದಲ್ಲಿ ಬೀಜಕಗಳನ್ನೇ ಬಿಡದ ಶಿಲೀಂಧ್ರಗಳನ್ನು ರೂಪಲಕ್ಷಣಗಳಿಂದ ಹೆಸರಿಸುವುದು ಕಷ್ಟ. 1990ರಲ್ಲಿ ವೈಟ್ ಮತ್ತು ಸಂಗಡಿಗರು ರೂಪಿಸಿದ ಡಿಎನ್‌ಎ ಪ್ರೈಮರ್‌ಗಳು ಈ ತೊಡಕನ್ನು ಬಹುಮಟ್ಟಿಗೆ ನೀಗಿದವು. 2012ರಲ್ಲಿ ಐಟಿಎಸ್ ಭಾಗವನ್ನು ಶಿಲೀಂಧ್ರಗಳ ಸಾಮಾನ್ಯ ಬಾರ್‌ಕೋಡ್ ಆಗಿ ಪ್ರಸ್ತಾಪಿಸಲಾಯಿತು. ಆದರೆ ಈ ಅನುಕ್ರಮವು ಶಿಲೀಂಧ್ರದ ಬಂಧುತ್ವವನ್ನು ಹೇಳುತ್ತದೆಯೇ ಹೊರತು ಅದರ ವಾಸವನ್ನಲ್ಲ. ಸೂರ್ಯನಾರಾಯಣನ್ ಮತ್ತು ಸಂಗಡಿಗರು 2010ರಲ್ಲಿ ತಮಿಳುನಾಡು ತೀರದ ಪಾಚಿಗಳ ಒಳಗಿನ ಶಿಲೀಂಧ್ರಗಳನ್ನು ಪ್ರಕಟಿಸಿದಾಗ, ನೆಲದ ಮೇಲೂ ಸಾಮಾನ್ಯವಾದ ಆಸ್ಪರ್ಜಿಲ್ಲಸ್ ಅಲ್ಲಿಯೂ ಕಂಡುಬಂದಿತು. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪ್ರಸನ್ನರೈ ಮತ್ತು ಶ್ರೀಧರ್ 2001ರಲ್ಲಿ ಪ್ರಕಟಿಸಿದ ಪಶ್ಚಿಮ ಕರಾವಳಿಯ ಸಮೀಕ್ಷೆ ಮರದ ಮೇಲಿನ ಶಿಲೀಂಧ್ರಗಳನ್ನು ಕುರಿತದ್ದು.

ಶಿಲೀಂಧ್ರದ ಹೆಸರು ಅನುಕ್ರಮದಿಂದ ದೊರೆಯಬಹುದು. ಅದರ ನೆಲೆಯನ್ನು ಮಾತ್ರ ಅಂಗಾಂಶದೊಳಗೇ ಕಂಡು ದೃಢಪಡಿಸಬೇಕು. ಇವೆರಡೂ ಕೂಡಿದಾಗಲೇ ಗುರುತಿಸುವಿಕೆ ಪೂರ್ಣವಾಗುತ್ತದೆ.