ಒಂಟೆಯವರು ಕಟ್ಟಿದ ಮನೆ

ಎಂಟನೆಯ ತರಗತಿಗೆ ಆಸ್ಟ್ರೇಲಿಯಾದ ಪಾಠ ಮಾಡುತ್ತಿದ್ದೆ. ಅಲ್ಲಿಯ ಮರುಭೂಮಿಯಲ್ಲಿ ಕಾಡು ಒಂಟೆಗಳಿವೆ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಒಂಟೆ ಸಮುದ್ರ ದಾಟಿದ್ದು ಹೇಗೆ ಟೀಚರ್?" ಎಂದು ಕೇಳಿಬಿಟ್ಟಳು. ನನಗೂ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಒಂಟೆಗಿಂತ ಒಂಟೆಯವರ ಕಥೆಯೇ ಮನಸ್ಸನ್ನು ಹಿಡಿಯಿತು.

1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರಿಗಾಗಿ, 1866ರಲ್ಲಿ ಥಾಮಸ್ ಎಲ್ಡರ್ ಎಂಬ ಸಾಹುಕಾರನಿಗಾಗಿ ಕರಾಚಿಯ ಕಡೆಯಿಂದ ಒಂಟೆಗಳು ಹಡಗೇರಿದವು. ಜೊತೆಗೆ ಅವನ್ನು ನಡೆಸುವವರೂ ಹೋದರು. ಕಾಬೂಲ್, ಕಂದಹಾರದವರಷ್ಟೇ ಅಲ್ಲ, ಬಲೂಚಿಸ್ತಾನ, ಪಂಜಾಬಿನವರೂ ಅವರಲ್ಲಿದ್ದರು. ಬಿಳಿಯರಿಗೆ ಎಲ್ಲರೂ 'ಅಫ್ಘನ್'ರೇ, ಮೊಟಕಾಗಿ 'ಘಾನ್'. ನೀರಿಲ್ಲದ ನಾಡಿನಲ್ಲಿ ತಂತಿಯ ಕಂಬ, ಹಿಟ್ಟು, ಉಣ್ಣೆ ಎಲ್ಲವನ್ನೂ ಹೊತ್ತು ತಂದವರು ಇವರೇ. ಆದರೆ ಹೆಂಡತಿ ಮಕ್ಕಳನ್ನು ಕರೆತರುವ ಅವಕಾಶ ಇವರಿಗಿರಲಿಲ್ಲ. ಮಾರೀ ಊರಿನಲ್ಲಿ ರೈಲುಹಳಿಯ ಆಚೆ ಬಿಳಿಯರು, ಈಚೆ ಇವರು.

ಮನೆಯಿಲ್ಲದವರು ಏನು ಮಾಡಿದರು ನೋಡಿ. ಮಾರೀಯಲ್ಲಿ ಹುಲ್ಲಿನ ಮಾಡಿನ ಪುಟ್ಟ ಮಸೀದಿ, ಮುಂದೆ ಕೈಕಾಲು ತೊಳೆಯಲು ಕೊಳ. ಬ್ರೋಕನ್ ಹಿಲ್‌ನಲ್ಲಿ ತಗಡಿನ ಮಸೀದಿ. ಅಡಿಲೇಡ್ ನಗರದಲ್ಲಿ 1888-89ರಲ್ಲಿ ಎಲ್ಲರೂ ವಂತಿಗೆ ಹಾಕಿ ಕಲ್ಲಿನ ಮಸೀದಿಯನ್ನೇ ಕಟ್ಟಿದರು. ಅದಕ್ಕೆ ನಾಲ್ಕು ಮಿನಾರು ಎದ್ದದ್ದು 1903ರಲ್ಲಿ. ರಂಜಾನ್ ಬಂತೆಂದರೆ ದೂರದ ಮರಳುಗಾಡಿನಿಂದ ರೈಲು ಹತ್ತಿ ಅಲ್ಲಿಗೆ ಬರುತ್ತಿದ್ದರು, ಹಬ್ಬಕ್ಕೆ ನಾವು ತವರಿಗೆ ಹೋದ ಹಾಗೆ. ಪಕ್ಕದಲ್ಲೇ ಮುದುಕರಿಗೆ, ಕಾಯಿಲೆಯವರಿಗೆ ಪುಟ್ಟ ಮನೆಗಳಿದ್ದವು. ನನ್ನ ಕಣ್ಣು ನಿಂತದ್ದು ಮಿನಾರಿನ ಮೇಲಲ್ಲ, ಈ ಮನೆಗಳ ಮೇಲೆ. ಕೊನೆಗಾಲದಲ್ಲಿ ಗಂಜಿ ಕಾಯಿಸಿ ಕೊಡಲು ಹೆಂಡತಿಯಿಲ್ಲ, ಸೊಸೆಯಿಲ್ಲ. ಆ ಕೊರತೆಯನ್ನು ಗಂಡಸರೇ ಲೆಕ್ಕ ಹಾಕಿ ತುಂಬಿಕೊಂಡಿದ್ದರು.

1901ರಲ್ಲಿ ಬಿಳಿಯರಲ್ಲದವರ ವಲಸೆಗೆ ಕಾನೂನಿನ ಅಡ್ಡಿ ಬಂತು. 1920ರ ದಶಕದಲ್ಲಿ ಲಾರಿಗಳು ಬಂದು ಒಂಟೆಯ ಕೆಲಸವೂ ಹೋಯಿತು. ಸಾಕಿದ ಒಂಟೆಯನ್ನು ಕೊಲ್ಲಲಾರದೆ ಎಷ್ಟೋ ಮಂದಿ ಕಾಡಿಗೆ ಬಿಟ್ಟರು. ಎರಡನೆಯ ಮಹಾಯುದ್ಧದ ನಂತರ ಯೂರೋಪಿನಿಂದ ಬಂದ ಮುಸ್ಲಿಮರಿಗೆ ಅಡಿಲೇಡಿನ ಮಸೀದಿಯಲ್ಲಿ ಕಂಡದ್ದು ಮುಂಡಾಸಿನ ಕೆಲವು ಮುದುಕರು. ಆದರೆ ಬಂದವರಿಗೆ ಬಾಗಿಲು ತೆರೆದಿತ್ತು. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ.

ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಅದೇ ಹುಡುಗಿ ಮತ್ತೆ ಎದ್ದು, "ಊರಲ್ಲಿದ್ದ ಹೆಂಡತಿಯರು?" ಎಂದಳು. ಕೆಲವರ ಗಂಡಂದಿರು ಮರಳಿದರು, ಕೆಲವರು ಕಾಯುತ್ತಲೇ ಮುದುಕಿಯರಾದರು ಎಂದೆ. ಅವರಿಗೆ ಯಾರು ಮನೆ ಕಟ್ಟಿಕೊಟ್ಟರು ಎಂದು ಅವಳು ಕೇಳಲಿಲ್ಲ. ನಾನೇ ಕೇಳಿಕೊಂಡೆ.