ಬಿಡದಿಯ ಕಾರು, ಜೋಕಾದ ನೀರು

2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದವು. ದೊಡ್ಡ ಹೈಬ್ರಿಡ್ ಕಾರುಗಳ ಮೇಲಿನ ಒಟ್ಟು ತೆರಿಗೆ ಶೇಕಡ 43ರಿಂದ 40ಕ್ಕೆ ಇಳಿಯಿತು. ಅದೇ ರಾತ್ರಿ, ದುರ್ಗಾಪೂಜೆ ಹತ್ತಿರವಾಗಿರುವಾಗ, ಕೋಲ್ಕತ್ತಾದ ಬೀದಿಗಳು ಮಳೆಗೆ ಮುಳುಗಿದವು. ನಿಂತ ನೀರಿನಲ್ಲಿ ವಿದ್ಯುತ್ ತಗುಲಿ ಹಲವರು ಸತ್ತರು. ಜೋಕಾದಲ್ಲಿರುವ ನಮ್ಮ ಪುಟ್ಟ ಕನ್ನಡ ಬಳಗದ ಕುಟುಂಬವೊಂದು ಆ ವಾರವೇ ಹೈಬ್ರಿಡ್ ಕಾರಿಗೆ ಮುಂಗಡ ಕೊಡುವುದರಲ್ಲಿತ್ತು. “ಇಂಥ ನೀರಿಗೆ ಬ್ಯಾಟರಿ ಗಾಡಿಯನ್ನು ಇಳಿಸುವುದುಂಟೇನಪ್ಪಾ?” ಎಂದು ಮನೆಯ ಹಿರಿಯರು ಮಗನನ್ನು ಕೇಳಿದರು. ಆ ಒಂದು ಪ್ರಶ್ನೆಯ ಹಿಂದೆ ಇನ್ನೂ ನಾಲ್ಕು ಬಂದವು. ಮುಂಗಡದ ಮಾತು ಅಲ್ಲಿಗೇ ನಿಂತಿತು.

ಆ ಪ್ರಶ್ನೆಗಳನ್ನು ಅಜ್ಞಾನವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಕೆದಕಿ ನೋಡಿದರೆ, ಒಂದೊಂದು ತಪ್ಪು ತಿಳಿವಳಿಕೆಯೂ ಯಾವುದೋ ಕಾಲಕ್ಕೆ, ಇನ್ಯಾವುದೋ ವಾಹನದ ವಿಷಯದಲ್ಲಿ, ನಿಜವೇ ಆಗಿತ್ತು.

“ರಾತ್ರಿಯೆಲ್ಲ ಚಾರ್ಜಿಗೆ ಹಾಕಬೇಕಲ್ಲ, ನಮ್ಮ ಕಟ್ಟಡದಲ್ಲಿ ಪ್ಲಗ್ ಎಲ್ಲಿದೆ?” ಎಂಬುದನ್ನೇ ನೋಡಿ. ಈ ಊರಿನವರಿಗೆ ವಿದ್ಯುತ್ ವಾಹನ ಹೊಸದಲ್ಲ. ಕಲ್ಕತ್ತೆಯಲ್ಲಿ ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಓಡಿದ್ದು 1902ರಲ್ಲಿ. 1986ರಲ್ಲಿ ಟ್ರಾಮ್ ಹಳಿ ಬೆಹಾಲಾ ದಾಟಿ ಜೋಕಾದವರೆಗೂ ಬಂದಿತು. ಮೆಟ್ರೋ ಕಾಮಗಾರಿಗಾಗಿ 2011ರಲ್ಲಿ ನಿಂತಿತು. 2022ರ ಡಿಸೆಂಬರಿನಲ್ಲಿ ಅದೇ ಡೈಮಂಡ್ ಹಾರ್ಬರ್ ರಸ್ತೆಯ ಮೇಲೆ ಮೆಟ್ರೋ ಓಡತೊಡಗಿತು. ಬೆಂಗಳೂರಿನವರ ನೆನಪಿನಲ್ಲಿರುವುದು 2001ರಲ್ಲಿ ಬಂದ ರೇವಾ, ಆ ಪುಟ್ಟ ಕಾರು. ಇವೆಲ್ಲಕ್ಕೂ ವಿದ್ಯುತ್ತು ಹೊರಗಿನಿಂದಲೇ ಬರಬೇಕು, ತಂತಿಯಿಂದಲೋ ಪ್ಲಗ್ಗಿನಿಂದಲೋ. ಹೈಬ್ರಿಡ್ಡಿನ ಹಾದಿ ಬೇರೆ. ಅದರ ಶಕ್ತಿಯೆಲ್ಲ ಪೆಟ್ರೋಲಿನಿಂದಲೇ ಹುಟ್ಟುತ್ತದೆ. ಸಾಮಾನ್ಯ ಕಾರು ಬ್ರೇಕಿನಲ್ಲಿ ಶಾಖವಾಗಿ ಕಳೆದುಕೊಳ್ಳುವುದರಲ್ಲಿ ಒಂದು ಪಾಲನ್ನು ಇದರ ಮೋಟರು ಜನರೇಟರಾಗಿ ತಿರುಗಿ ಬ್ಯಾಟರಿಗೆ ಮರಳಿಸುತ್ತದೆ. (ಪ್ಲಗ್ ಇರುವ ಹೈಬ್ರಿಡ್ ಜಾತಿಯೂ ಒಂದಿದೆ. ವಿದೇಶದಲ್ಲಿರುವ ಓದುಗರು ಅದನ್ನು ಕಂಡಿರುತ್ತಾರೆ. ಇಲ್ಲಿ ನಮ್ಮ ಮಾತು ಅದರದಲ್ಲ.)

ಕಲ್ಪನೆಯೇನೋ ಹಳೆಯದು. ಎಂಜಿನ್ನನ್ನೂ ಮೋಟರನ್ನೂ ಕೂಡಿಸಿದ ಬಂಡಿಯನ್ನು ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋನರ್ ಕಾರ್ಖಾನೆಗಾಗಿ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲೇ ಕಟ್ಟಿದ್ದರು. ಆದರೆ ಅದು ಜನಸಾಮಾನ್ಯರ ಕಾರಾಗಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ, ಜಪಾನಿನಲ್ಲಿ, ಟೊಯೊಟಾ ಪ್ರಿಯಸ್ ರೂಪದಲ್ಲಿ. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಗೊಂಡಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದವು. ನಮ್ಮ ಕುಟುಂಬ ಕೊಳ್ಳಹೊರಟದ್ದೂ ಬಿಡದಿಯ ಕಾರನ್ನೇ. ಹಿರಿಯರಿಗೆ ಈ ಮಾತು ಉಳಿದೆಲ್ಲ ವಾದಗಳಿಗಿಂತ ಹೆಚ್ಚು ಹಿಡಿಸಿತೆಂಬುದನ್ನು ಒಪ್ಪಿಕೊಳ್ಳಬೇಕು.

“ಹೈಬ್ರಿಡ್ ಎಂಬುದು ಬರೀ ಹೆಸರು” ಎಂಬ ದೂರಿಗೆ ಸರ್ಕಾರದ ನೀತಿಯೂ ಕಾರಣ. 2015ರ ಫೇಮ್ ಯೋಜನೆಯ ಸಹಾಯಧನ ಸಿಯಾಜ್‌ನಂಥ ಸೌಮ್ಯ ಹೈಬ್ರಿಡ್‌ಗಳಿಗೂ ಸಿಕ್ಕಿತು. ಆ ಕಾರುಗಳ ಮೋಟರು ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ. ತಾನೊಂದೇ ಚಕ್ರ ತಿರುಗಿಸಲಾರದು. 2017ರಲ್ಲಿ ಅವುಗಳ ಸಹಾಯಧನ ನಿಂತಿತು. ಅದೇ ಜುಲೈಯಲ್ಲಿ ಜಿಎಸ್‌ಟಿ ಬಂದು, ನಿಜವಾದ ಹೈಬ್ರಿಡ್‌ಗಳೂ ಭೋಗದ ಕಾರುಗಳ ಸಾಲಿಗೆ ಸೇರಿ ಶೇಕಡ 43ರ ತೆರಿಗೆ ಹೊತ್ತವು. ಹೆಸರಿಗೆ ಹೈಬ್ರಿಡ್ ಆದದ್ದು ಅಗ್ಗ, ಕೆಲಸದಲ್ಲಿ ಹೈಬ್ರಿಡ್ ಆದದ್ದು ತುಟ್ಟಿ. ಜನ ಗೊಂದಲಕ್ಕೆ ಬಿದ್ದುದರಲ್ಲಿ ಅಚ್ಚರಿಯಿಲ್ಲ.

ಬ್ಯಾಟರಿ ನಾಲ್ಕು ವರ್ಷಕ್ಕೆ ಸಾಯುತ್ತದೆಂಬ ಭಯದ ಮೂಲ ಮನೆಯ ಇನ್ವರ್ಟರು. ಆ ಸೀಸದ ಬ್ಯಾಟರಿ ಪೂರ್ತಿ ಬರಿದಾಗಿ ಪೂರ್ತಿ ತುಂಬುತ್ತ ಬೇಗ ಸವೆಯುತ್ತದೆ. ಹೈಬ್ರಿಡ್ಡಿನದನ್ನು ಗಣಕ ಎರಡು ತುದಿಗೂ ಹೋಗಗೊಡದೆ ನಡುವೆಯೇ ಇಟ್ಟುಕೊಳ್ಳುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2011ರಲ್ಲಿ, ಮೂರು ಲಕ್ಷ ಕಿಲೋಮೀಟರು ದಾಟಿದ 2002ರ ಪ್ರಿಯಸ್ಸನ್ನು ಪರೀಕ್ಷಿಸಿತು. ಹತ್ತು ವರ್ಷ ಹಿಂದೆ ತಾನೇ ಅಳೆದಿದ್ದ ಹೊಸ ಕಾರಿಗೂ ಅದಕ್ಕೂ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಿಡದಿಯ ಕಾರುಗಳ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿಯಿದೆ. ಆಸನದ ಬಳಿ ಬ್ಯಾಟರಿ ಗಾಳಿಯೆಳೆದುಕೊಳ್ಳುವ ಕಿಂಡಿಯಿದ್ದರೆ ಅದಕ್ಕೆ ಚೀಲ ಅಡ್ಡವಿಡದಿದ್ದರೆ ಸರಿ.

ಇನ್ನು, ಹೈಬ್ರಿಡ್ ಕೊಂಡರೆ ಹಣ ಉಳಿದೇ ಉಳಿಯುತ್ತದೆಂಬುದು ಮಗನ ನಂಬಿಕೆ. ಇದೂ ತಪ್ಪೇ, ಆದರೆ ಹೊಸ ತಲೆಮಾರಿನ ತಪ್ಪು. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಪೆಟ್ರೋಲು ಲೀಟರಿಗೆ 105 ರೂಪಾಯಿ. ಊರೊಳಗೆ ಸಾಮಾನ್ಯ ಕಾರಿಗೆ 14, ಹೈಬ್ರಿಡ್ಡಿಗೆ 22 ಕಿಲೋಮೀಟರು. ಕೊಳ್ಳುವಾಗಿನ ವ್ಯತ್ಯಾಸ ಎರಡೂವರೆ ಲಕ್ಷ ಎಂದಿಟ್ಟುಕೊಂಡರೆ, ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 73 ಪೈಸೆ. ಹಾಕಿದ್ದು ಮರಳಲು 90,000 ಕಿಲೋಮೀಟರಿಗಿಂತ ತುಸು ಹೆಚ್ಚೇ ಓಡಬೇಕು. ವರ್ಷಕ್ಕೆ 25,000 ಓಡಿಸುವವರಿಗೆ ನಾಲ್ಕು ವರ್ಷದೊಳಗಿನ ಮಾತು. 12,000 ಓಡಿಸುವವರಿಗೆ ಏಳೂವರೆ ವರ್ಷ. ಅದರಲ್ಲೂ ಈ ಲಾಭ ಬೆಹಾಲಾ, ತಾರಾತಲಾಗಳ ನಿಂತು ಸಾಗುವ ದಟ್ಟಣೆಯಲ್ಲಿ ಸಿಗುವಂಥದು. ಹೆದ್ದಾರಿಯ ಏಕರೀತಿಯ ವೇಗದಲ್ಲಿ ಬ್ರೇಕೇ ಬೀಳದಿರುವಾಗ ಮರಳಿ ಪಡೆಯುವುದಕ್ಕೆ ಏನಿರುತ್ತದೆ? ಮಗ ದಿನವೂ ನಗರದೊಳಕ್ಕೆ ಹೋಗಿಬರುವವನಾದ್ದರಿಂದ ಅವನ ಲೆಕ್ಕ ಹೇಗೋ ಕೂಡಿತು. ವಾರಕ್ಕೊಮ್ಮೆ ತರಕಾರಿಗೆ ಹೋಗುವವರಿಗೆ ನಾವು ಈ ಕಾರನ್ನು ಹೇಳೆವು.

ಕೊನೆಗೆ ನೀರಿನ ಪ್ರಶ್ನೆಗೆ ಬಂದೆವು. ಬೀದಿಯ ಕಂಬದ ತಂತಿ ಕಳಚಿ ನೀರಿಗೆ ಬಿದ್ದರೆ ಕರೆಂಟು ನೀರಿನ ಮೂಲಕ ನೆಲ ಸೇರುತ್ತದೆ. ನಡುವೆ ಸಿಕ್ಕ ಮನುಷ್ಯ ಸಾಯುತ್ತಾನೆ. ಹೈಬ್ರಿಡ್ಡಿನ ಅಧಿಕ ವೋಲ್ಟೇಜಿನ ಮಂಡಲಕ್ಕೆ ನೆಲದೊಡನೆ ಸಂಬಂಧವಿಲ್ಲ, ಕಾರಿನ ಲೋಹದ ಮೈಯೊಡನೆಯೂ ಇಲ್ಲ. ಅದರ ಎರಡು ತುದಿಗಳೂ ಬೇರೆಯಾಗಿ ಮುಚ್ಚಿಕೊಂಡಿರುತ್ತವೆ, ಸೋರಿಕೆ ಕಂಡರೆ ಕಾರು ಎಚ್ಚರಿಸುತ್ತದೆ, ಗಾಡಿ ಆರಿಸಿದರೆ ಒಳಗಿನ ರಿಲೇಗಳು ಬ್ಯಾಟರಿಯನ್ನು ಕಡಿದುಹಾಕುತ್ತವೆ. ಆದರೂ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಇದರಲ್ಲೂ ಪೆಟ್ರೋಲ್ ಎಂಜಿನ್ನಿದೆ. ಗಾಳಿಯ ದಾರಿಯಲ್ಲಿ ನೀರು ಹೊಕ್ಕರೆ ಎಲ್ಲ ಕಾರಿನಂತೆ ಇದೂ ಕೆಡುತ್ತದೆ. ಮುಳುಗಿದ ಕಾರನ್ನು ಮತ್ತೆ ಚಾಲೂ ಮಾಡಬಾರದು, ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಲೇಬಾರದು, ಎಳೆಸಿಕೊಂಡೇ ಹೋಗಬೇಕು. ನೀರಿಗೆ ಇಳಿಸದಿರುವುದೇ ಮೇಲು.

ದೀಪಾವಳಿ ಕಳೆದ ಮೇಲೆ ಕಾರು ಬಂದಿತು. ಹಿರಿಯರ ಷರತ್ತಿನಂತೆ ಅದು ನಿಲ್ಲುವುದು ಕಟ್ಟಡದ ಎತ್ತರದ ಬದಿಯಲ್ಲಿ. ಬೇಸಿಗೆ ರಜೆಗೆ ಒಂದೂವರೆ ತಿಂಗಳು ಊರಿಗೆ ಹೊರಡುವಾಗ ಹೊಸದೊಂದು ಸಂಗತಿ ತಿಳಿಯಿತು: ಹೈಬ್ರಿಡ್ಡಿನಲ್ಲೂ ಸಾಮಾನ್ಯ 12 ವೋಲ್ಟಿನ ಬ್ಯಾಟರಿಯೊಂದಿದೆ, ಸುಮ್ಮನೆ ನಿಂತರೆ ಮೊದಲು ಸಾಯುವುದು ಅದೇ. ಬೀಗದ ಕೈ ಈಗ ಎದುರು ಮನೆಯ ಬಂಗಾಳಿ ದಾದಾರ ಬಳಿಯಿದೆ. ವಾರಕ್ಕೊಮ್ಮೆ ಗಾಡಿಯನ್ನು ‘ರೆಡಿ’ಗೆ ತಂದು ಅರ್ಧ ಗಂಟೆ ಬಿಡಬೇಕೆಂದು ಹೇಳಿದ್ದಾಗಿದೆ. ಸದ್ದೇ ಬರದಿದ್ದರೆ ಚಾಲೂ ಆಗಿದೆಯೆಂದು ತಿಳಿಯುವುದು ಹೇಗೆಂದು ಅವರು ಎರಡು ಸಲ ಕೇಳಿದರು.