ಮಿದುಳಿನಲ್ಲಿ ಸತು: ಒಂದು ಚಾರಿತ್ರಿಕ ವಿಮರ್ಶೆ

ಕೋಲಾರ ಸೀಮೆಯ ಹೆಸರನ್ನು ಕೇಳಿದೊಡನೆ ಚಿನ್ನವು ನೆನಪಿಗೆ ಬರುವುದು ಸಹಜ. ಆದರೆ 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದ ಸಯನೈಡ್ ಕ್ರಮದಲ್ಲಿ, ತಾನು ಕರಗಿ ಚಿನ್ನವನ್ನು ದ್ರಾವಣದಿಂದ ಹೊರಗೆಡಹುತ್ತಿದ್ದ ಲೋಹವು ಸತುವೆಂಬುದನ್ನು ನೆನೆಯುವವರು ವಿರಳ. ರಸಶಾಸ್ತ್ರಜ್ಞರು ಯಶದವೆಂದು ಕರೆದ ಈ ಲೋಹಕ್ಕೆ ನೆನಪಿನ ವ್ಯಾಪಾರದಲ್ಲಿಯೂ ಪಾತ್ರವುಂಟೆಂಬ ಅಭಿಪ್ರಾಯವು ಬೆಳೆದು ಬಂದ ಬಗೆಯನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. 2009ರಲ್ಲಿ ಕೋಲಾರವೂ ಸೇರಿದಂತೆ ಆರು ಜಿಲ್ಲೆಗಳಲ್ಲಿ ಆರಂಭವಾದ ಭೂಚೇತನ ಯೋಜನೆಗೆ ಆಧಾರವಾದ ಮಣ್ಣಿನ ಪರೀಕ್ಷೆಗಳಲ್ಲಿ ಸತು, ಬೋರಾನ್ ಮತ್ತು ಗಂಧಕಗಳ ಕೊರತೆಯು ವ್ಯಾಪಕವಾಗಿ ಕಂಡುಬಂದುದರಿಂದ, ರಾಗಿಯನ್ನುಣ್ಣುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳವರಿಗೆ ಈ ವಿಚಾರವು ದೂರದ್ದಲ್ಲ.

1955ರಲ್ಲಿ ಮಾಸ್ಕೆ ಎಂಬ ಜರ್ಮನ್ ವಿದ್ವಾಂಸನು, ಸತುವಿನೊಡನೆ ಕೂಡಿ ಕೆಂಪಾಗುವ ಡೈಥಿಜೋನ್ ಎಂಬ ದ್ರವ್ಯದ ನೆರವಿನಿಂದ, ಪ್ರಾಣಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸತುವಿರುವುದನ್ನು ತೋರಿಸಿದನು. 1967ರಲ್ಲಿ ಹೌಗ್ ಎಂಬವನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ, ಆ ಸತುವು ನರತಂತುಗಳ ತುದಿಯ ಸೂಕ್ಷ್ಮ ಚೀಲಗಳಲ್ಲಿ ಅಡಗಿರುವುದನ್ನು ಕಂಡನು. ಇಷ್ಟಾದರೂ ಬಹುಕಾಲ ಅದು ಮಿದುಳಿನ ನಕಾಶೆ ಬರೆಯುವವರಿಗೆ ಒಂದು ಮಸಿಯಾಗಿತ್ತೇ ಹೊರತು, ಅದಕ್ಕೆ ಸ್ವಂತ ಕಾರ್ಯವೊಂದಿರಬಹುದೆಂಬ ಶಂಕೆ ಹೆಚ್ಚು ಜನರಿಗೆ ಹುಟ್ಟಲಿಲ್ಲ. ಕಣ್ಣಿಗೆ ಬಿದ್ದುದೆಲ್ಲ ವಿಚಾರಕ್ಕೆ ಬೀಳುವುದಿಲ್ಲವಷ್ಟೆ.

ಈ ಮಧ್ಯೆ 1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬವರು, ಮೊಲದ ಮಿದುಳಿನ ಇದೇ ಪ್ರದೇಶದಲ್ಲಿ ಅಲ್ಪಕಾಲದ ವಿದ್ಯುತ್ ಪ್ರಚೋದನೆಯಿಂದ ನರಸಂಧಿಗಳ, ಅಂದರೆ ಎರಡು ನರಕೋಶಗಳು ಸಂಧಿಸುವ ಎಡೆಗಳ, ಬಲವು ಗಂಟೆಗಟ್ಟಲೆ ವರ್ಧಿಸುವುದೆಂದು ಸಿದ್ಧಪಡಿಸಿದರು. ಬಳಕೆಯಿಂದ ಮಾರ್ಪಡುವ ಈ ಶೀಲವೇ ಕಲಿಕೆಯ ಆಧಾರವೆಂದು ಅಂದಿನಿಂದ ಊಹಿಸಲಾಗಿದೆ. 1984ರಲ್ಲಿ ಎರಡು ತಂಡಗಳು, ನರತಂತುವನ್ನು ಪ್ರಚೋದಿಸಿದಾಗ ಸತುವು ಹೊರಬೀಳುವುದೆಂದು ಏಕಕಾಲದಲ್ಲಿ ಪ್ರಕಟಿಸಿದವು. 1987ರಲ್ಲಿ, ಅಂತಹ ಮಾರ್ಪಾಟಿಗೆ ಬಾಗಿಲಿನಂತಿರುವ ಎನ್‌ಎಂಡಿಎ ಗ್ರಾಹಕವನ್ನು ಸತುವು ತಡೆಯುವುದೆಂದು ತಿಳಿದುಬಂದಿತು. ಹಾಗಾದರೆ ಸತುವು ಕಲಿಕೆಗೆ ವಿರೋಧಿಯೋ? ಅಷ್ಟು ಸರಳವಲ್ಲ. ಒಂದೇ ನರಸಂಧಿಯಲ್ಲಿ, ಸಂಜ್ಞೆಯನ್ನು ಕಳುಹಿಸುವ ಪಕ್ಕದಲ್ಲಿ ವರ್ಧನೆಗೆ ಅನುಕೂಲವನ್ನೂ, ಸ್ವೀಕರಿಸುವ ಪಕ್ಕದಲ್ಲಿ ಪ್ರತಿಬಂಧವನ್ನೂ ಅದು ಉಂಟುಮಾಡುವುದೆಂದು 2011ರಲ್ಲಿ ಪ್ರತಿಪಾದಿಸಲಾಯಿತು.

ಸತುವನ್ನು ಚೀಲಗಳಿಗೆ ತುಂಬುವ ವಾಹಕವಿಲ್ಲದ ಇಲಿಗಳ ವೃತ್ತಾಂತವು ಇನ್ನೂ ಬೋಧಕವಾದುದು. ಅವು ತಾರುಣ್ಯದಲ್ಲಿ ಇತರ ಇಲಿಗಳಂತೆಯೇ ಕಲಿತವು. ಆರು ತಿಂಗಳ ವಯಸ್ಸಿಗೆ ಬಂದಾಗ ಸ್ಮರಣಶಕ್ತಿಯು ಕುಂದಿತೆಂದು 2010ರಲ್ಲಿ ವರದಿಯಾಯಿತು.

ಇಲ್ಲಿಂದ ನೇರವಾಗಿ ಮುಳಬಾಗಿಲಿನ ಮಗುವಿಗೆ ಜಿಗಿಯುವವರುಂಟು. ಅದು ಅನುಚಿತವೆಂದು ನನ್ನ ಮತ. ಮಿದುಳಿನ ಸತುವಿನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರತಕ್ಕದ್ದು, ಚೀಲಗಳಲ್ಲಿರುವುದು ಸ್ವಲ್ಪ. ಮಕ್ಕಳಿಗೆ ಸತುವನ್ನು ಕೊಟ್ಟ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಅದರಿಂದ ಬುದ್ಧಿಬೆಳವಣಿಗೆಗೆ ಪ್ರಯೋಜನವಾಯಿತೆನ್ನಲು ಸಮರ್ಪಕವಾದ ಪ್ರಮಾಣ ದೊರೆಯಲಿಲ್ಲವೆಂದಿತು. ಶರೀರದ ಬೆಳವಣಿಗೆಗೂ ರೋಗನಿರೋಧಕ್ಕೂ ಸತುವು ಅವಶ್ಯಕವೆಂಬುದು ಬೇರೆಯ ಮಾತು, ಅದರಲ್ಲಿ ವಿವಾದವಿಲ್ಲ. ರಾಗಿಯಲ್ಲಿರುವ ಸತುವನ್ನು ಅದರದೇ ಫೈಟೇಟ್ ಅಂಶವು ಕಟ್ಟಿಹಾಕಿ, ಕರುಳು ಹೀರದಂತೆ ಮಾಡುತ್ತದೆ. ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ಶಿಶುವಿಗೆ ಸರಿ ಕಾಯಿಸುವ ನಮ್ಮ ಮನೆಗಳ ಹಳೆಯ ಪದ್ಧತಿಯಿಂದ ಆ ಕಟ್ಟು ಸಡಿಲವಾಗುತ್ತದೆ.